ರೇಸಿಗೆ ಇಳಿಯದ ಜಾಗ್ವಾರ್ ಎಕ್ಸ್‌ಜೆ13: ತಗಡು ಬಡಿದು ಕಟ್ಟುತ್ತಿರುವ ಮಾದರಿ

ಕೆಲಸ ಶುರು ಮಾಡುವ ಮೊದಲೇ ಒಂದು ವಿಷಯ ತೀರ್ಮಾನವಾಗಬೇಕಿತ್ತು. ಜಾಗ್ವಾರ್ ಕಂಪನಿ ಎಕ್ಸ್‌ಜೆ13 ಎಂಬ ರೇಸ್ ಕಾರನ್ನು ಕಟ್ಟಿದ್ದು ಒಂದೇ ಒಂದು. ಆದರೆ ಆ ಒಂದಕ್ಕೆ ಎರಡು ರೂಪ ಇವೆ. ಇಂಗ್ಲೆಂಡಿನ ಕೊವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಲ್ಲಿ 1966ರ ಮಾರ್ಚ್‌ನಲ್ಲಿ ಸಿದ್ಧವಾದದ್ದು ಮೊದಲನೆಯದು. 1971ರಲ್ಲಿ ಅದು ಅಪಘಾತಕ್ಕೆ ಸಿಕ್ಕಿ ಜಜ್ಜಿಹೋಯಿತು. ಆಮೇಲೆ ಮತ್ತೆ ಬಡಿದು ಕಟ್ಟಿದ್ದು ಎರಡನೆಯದು. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಇವತ್ತು ನಾವು ಕಣ್ಣಾರೆ ನೋಡುವುದು ಈ ಎರಡನೆಯದನ್ನೇ.

ನಾನು ಕಟ್ಟುತ್ತಿರುವುದು ಮೊದಲನೆಯದನ್ನು. ಎರಡನೆಯದು ಹೇಗೂ ಕಣ್ಣೆದುರು ಇದೆ, ಅದನ್ನು ನೋಡಿಕೊಳ್ಳುವವರೂ ಇದ್ದಾರೆ. 1966ರ ಆಕಾರ ಮಾತ್ರ ಈಗ ಫೋಟೋಗಳಲ್ಲಷ್ಟೇ ಉಳಿದಿದೆ. ಅದನ್ನು ಮತ್ತೆ ಲೋಹದಲ್ಲಿ ನೋಡಬೇಕು ಅನ್ನುವ ಆಸೆಯೇ ಈ ಕೆಲಸಕ್ಕೆ ಕಾರಣ.

ಅಳತೆ ಹನ್ನೆರಡಕ್ಕೆ ಒಂದು. ಕಿಟ್ ಇಲ್ಲ. ಅಚ್ಚು ಮರದ್ದು, ಬಾಡಿ ಅಲ್ಯೂಮಿನಿಯಂ ತಗಡಿನದ್ದು, ಎಂಜಿನ್ ಹಿತ್ತಾಳೆ ಮತ್ತು ರೆಸಿನ್‌ನದ್ದು. ನಾನು ಇರುವುದು ಕೊವೆಂಟ್ರಿಯಲ್ಲೇ ಆದ್ದರಿಂದ ಗೇಡನ್‌ಗೆ ಹೋಗಿ ಬರುವುದು ಸುಲಭ. ಮ್ಯೂಸಿಯಂನ ಪಕ್ಕದಲ್ಲೇ ಜಾಗ್ವಾರ್ ಲ್ಯಾಂಡ್ ರೋವರ್‌ನ ಎಂಜಿನಿಯರಿಂಗ್ ಕೇಂದ್ರ ಇದೆ. 2008ರಿಂದ ಕಂಪನಿ ಟಾಟಾ ಮೋಟಾರ್ಸ್‌ನದ್ದು. ಹಾಗಾಗಿ ಈ ಕಾರಿನ ಮುಂದೆ ನಿಂತು ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ಆಶ್ಚರ್ಯ ಪಡಬೇಕಾಗಿಲ್ಲ.

ಮೊದಲು ಅಚ್ಚು

ಅಚ್ಚಿಗೆ ಜೆಲುಟಾಂಗ್ ಮರ ತಂದೆ. ಇಲ್ಲಿನ ಪ್ಯಾಟರ್ನ್ ಮಾಡುವವರು ಬಹಳ ಕಾಲದಿಂದ ಬಳಸುತ್ತಾ ಬಂದ ಮರ ಇದು. ಎಳೆ ಸಣ್ಣದು, ಗಂಟು ಕಮ್ಮಿ, ಉಳಿಯನ್ನು ಎತ್ತ ತಿರುಗಿಸಿದರೂ ಸೀಳುವುದಿಲ್ಲ. ಅಚ್ಚನ್ನು ಎಲ್ಲ ಕಡೆಯೂ ಅರ್ಧ ಮಿಲಿಮೀಟರ್ ಸಣ್ಣದಾಗಿ ಕೆತ್ತಬೇಕು. ಮೇಲೆ ಕೂರುವ ತಗಡು ಅಷ್ಟು ದಪ್ಪ ಇದೆ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದರೆ ಕೊನೆಯಲ್ಲಿ ಚಕ್ರ ಮತ್ತು ಬಾಡಿಯ ನಡುವಿನ ಸಂದು ಸರಿಯಾಗಿ ಬರುತ್ತದೆ.

ಅಳತೆ ತೆಗೆದದ್ದು ಫೋಟೋಗಳಿಂದ. ಹತ್ತಿರ ನಿಂತು ತೆಗೆದ ಫೋಟೋ ಇದಕ್ಕೆ ಆಗಿಬರುವುದಿಲ್ಲ. ಮೂತಿ ದೊಡ್ಡದಾಗಿ, ಬಾಲ ಸಣ್ಣದಾಗಿ ಕಾಣುತ್ತದೆ. ದೂರ ನಿಂತು, ಟೆಲಿಫೋಟೋ ಲೆನ್ಸ್ ಹಾಕಿ, ಕಾರಿನ ಬದಿಗೆ ನೇರವಾಗಿ ತೆಗೆಯಬೇಕು. ಆ ಫೋಟೋದಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರವನ್ನೇ ಅಳತೆಗೋಲು ಮಾಡಿಕೊಂಡೆ. ಎಕ್ಸ್‌ಜೆ13ರ ವೀಲ್‌ಬೇಸ್ 96 ಇಂಚು, ಅಂದರೆ 2438 ಮಿಲಿಮೀಟರ್. ನನ್ನ ಅಳತೆಯಲ್ಲಿ 203. ಮಿಕ್ಕಿದ್ದೆಲ್ಲ ಈ ಒಂದು ಸಂಖ್ಯೆಯಿಂದ ಹೊರಡುತ್ತದೆ. ಜಾಗ್ವಾರ್‌ನದೇ ರಸ್ತೆ ಸ್ಪೋರ್ಟ್ಸ್ ಕಾರು ಇ-ಟೈಪ್, ಅದರ ಮೊದಲ ಕಾರುಗಳ ವೀಲ್‌ಬೇಸ್ ಕೂಡ 96 ಇಂಚೇ. ಆದರೆ ಎರಡನ್ನೂ ಪಕ್ಕಪಕ್ಕ ನೆನೆಸಿಕೊಂಡರೆ ನಂಬಲು ಕಷ್ಟ. ಇ-ಟೈಪ್‌ನಲ್ಲಿ ಎಂಜಿನ್ ಮುಂದೆ, ಎಕ್ಸ್‌ಜೆ13ರಲ್ಲಿ ಡ್ರೈವರ್‌ನ ಬೆನ್ನ ಹಿಂದೆ.

ಎರಡರ ಆಕಾರವೂ ಒಬ್ಬರದೇ ಕೈಯಿಂದ ಬಂದದ್ದು. ಮಾಲ್ಕಮ್ ಸೇಯರ್ ಮೊದಲು ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವರು. ಜಾಗ್ವಾರ್‌ಗೆ ಬಂದು ಸಿ-ಟೈಪ್, ಡಿ-ಟೈಪ್, ಇ-ಟೈಪ್‌ಗಳಿಗೆ ರೂಪ ಕೊಟ್ಟರು. ಅವರು ಮೊದಲು ಚಿತ್ರ ಬಿಡಿಸಿ ಆಮೇಲೆ ಲೆಕ್ಕ ಹಾಕುವವರಲ್ಲ. ಒಂದೊಂದು ತಿರುವನ್ನೂ ಲಾಗ್ ಟೇಬಲ್, ಸ್ಲೈಡ್ ರೂಲ್ ಹಿಡಿದು ಗಣಿತದಿಂದಲೇ ಪಡೆಯುತ್ತಿದ್ದರು. ಇಂತಿಷ್ಟು ಉದ್ದದಲ್ಲಿ ಇಂತಿಷ್ಟು ಎತ್ತರ, ಇಂತಿಷ್ಟು ಅಗಲ ಅಂತ ಬಿಂದುಗಳ ಪಟ್ಟಿ ಬರೆದು ಕೊಡುತ್ತಿದ್ದರು. ಕಂಪ್ಯೂಟರ್ ಇಂದು ಮಾಡುವುದನ್ನು ಅವರು ಕಾಗದದ ಮೇಲೆ ಮಾಡಿದರು.

ಅಚ್ಚು ಕೆತ್ತುವಾಗ ಇದು ಕೈಗೇ ಗೊತ್ತಾಗುತ್ತದೆ. 15 ಮಿಲಿಮೀಟರ್‌ಗೆ ಒಂದರಂತೆ ಅಡ್ಡಸೀಳಿನ ಟೆಂಪ್ಲೇಟುಗಳನ್ನು ತೆಳು ಪ್ಲೈವುಡ್‌ನಲ್ಲಿ ಕೊಯ್ದುಕೊಂಡೆ. ಮರ ಕೆತ್ತುತ್ತಾ ಕೆತ್ತುತ್ತಾ ಟೆಂಪ್ಲೇಟು ಇಟ್ಟು ನೋಡುವುದು. ಎರಡು ಟೆಂಪ್ಲೇಟುಗಳ ಮಧ್ಯದ ಜಾಗಕ್ಕೆ ಉಜ್ಜುಪಟ್ಟಿ ಹಿಡಿದು ಉದ್ದಕ್ಕೆ ಉಜ್ಜಿದರೆ ಸಾಕು, ಆಕಾರ ತಾನಾಗಿ ಬರುತ್ತದೆ. ಎಲ್ಲೂ ತಡೆಯುವುದಿಲ್ಲ, ಎಲ್ಲೂ ಚಪ್ಪಟೆ ಜಾಗ ಸಿಗುವುದಿಲ್ಲ. ಮೂತಿಯಿಂದ ಮುಂದಿನ ಚಕ್ರದ ಮೇಲೆ ಏರಿ, ಡ್ರೈವರ್ ಕೂರುವ ಕಡೆ ಇಳಿದು, ಮತ್ತೆ ಹಿಂದಿನ ಚಕ್ರದ ಮೇಲೆ ಏರುವ ಗೆರೆ ಒಂದೇ ಉಸಿರಿನಲ್ಲಿ ಸಾಗುತ್ತದೆ. ಕೊನೆಗೆ ಅಚ್ಚಿಗೆ ವಾರ್ನಿಷ್ ಬಳಿದು, ಮೇಲೆ ಟ್ಯೂಬ್‌ಲೈಟ್ ಹಿಡಿದು, ಅದರ ಪ್ರತಿಬಿಂಬ ಎಲ್ಲಿ ಸೊಟ್ಟಗಾಗುತ್ತದೆ ಅಂತ ಹುಡುಕಬೇಕು. ಕಣ್ಣಿಗೆ ಕಾಣದ ಉಬ್ಬುತಗ್ಗು ಆ ಬೆಳಕಿನ ಗೆರೆಯಲ್ಲಿ ಕಾಣುತ್ತದೆ.

ಈ ಕಾರಿಗೆ ರೆಕ್ಕೆ ಇಲ್ಲ. ನೆಲಕ್ಕೆ ಒತ್ತಿ ಹಿಡಿಯುವ ಏರ್ಪಾಡು ಅಂತ ಹೊರಗೆ ಎದ್ದು ಕಾಣುವುದು ಏನೂ ಇಲ್ಲ. 24 ಗಂಟೆಯ ರೇಸ್ ನಡೆಯುವ ಫ್ರಾನ್ಸಿನ ಲೆ ಮಾನ್‌ನ ಉದ್ದದ ನೇರ ರಸ್ತೆಯಲ್ಲಿ ಗಾಳಿಯನ್ನು ಸೀಳಿಕೊಂಡು ಹೋಗಬೇಕು ಅನ್ನುವುದೊಂದೇ ಅದರ ಗುರಿ. ಆ ಕಾಲದ ಯೋಚನೆ ಅದು. ಕೆಲವೇ ವರ್ಷಗಳಲ್ಲಿ ರೇಸ್ ಕಾರುಗಳಿಗೆಲ್ಲ ರೆಕ್ಕೆ ಬಂದವು. ಆದರೂ ಕಾರಿನ ಆಕಾರದ ಮಾತು ಬಂದರೆ ನನಗೆ ಇದಕ್ಕಿಂತ ಚೆಂದದ ರೇಸ್ ಕಾರು ಇನ್ನೊಂದಿಲ್ಲ.

ತಗಡು

1050 ದರ್ಜೆಯ ಅಲ್ಯೂಮಿನಿಯಂ ತಗಡು, ಅರ್ಧ ಮಿಲಿಮೀಟರ್. ಶುದ್ಧ ಅಲ್ಯೂಮಿನಿಯಂ ಆದ್ದರಿಂದ ಮೆತ್ತಗಿರುತ್ತದೆ. ಆದರೆ ಬಡಿದಂತೆಲ್ಲ ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ಹಂತದ ಮೇಲೆ ಬಗ್ಗುವುದು ಬಿಟ್ಟು ಸೀಳುತ್ತದೆ. ನಮ್ಮ ಕಡೆ ಕಂಚುಗಾರರು ಬಿಂದಿಗೆ ಬಡಿಯುವಾಗ ಮಧ್ಯೆ ಮಧ್ಯೆ ಕುಲುಮೆಗೆ ಹಾಕಿ ತೆಗೆಯುತ್ತಾರಲ್ಲ, ಅದೇ ಕೆಲಸ ಇಲ್ಲೂ. ಕಾಯಿಸಿ ಆರಿಸಿದರೆ ಲೋಹ ಮತ್ತೆ ಮೆತ್ತಗಾಗುತ್ತದೆ.

ಅಲ್ಯೂಮಿನಿಯಂನ ಒಂದು ತೊಂದರೆ ಎಂದರೆ ಕಾದಾಗ ಅದು ಕೆಂಪಗಾಗುವುದಿಲ್ಲ. ಬಣ್ಣ ನೋಡಿ ಬಿಸಿ ಅಂದಾಜು ಮಾಡೋಣ ಅಂದರೆ ಸುಮ್ನೆ ಕರಗಿ ಕೆಳಗೆ ಬೀಳುತ್ತದೆ. ಅದಕ್ಕೆ ಹಳೇ ಟಿಂಕರ್‌ಗಳ ಉಪಾಯ ಸೋಪು. ಬಟ್ಟೆ ಸೋಪಿನ ತುಂಡನ್ನು ತಗಡಿನ ಮೇಲೆ ಗೀಚಿ, ಹಿಂಬದಿಯಿಂದ ಗ್ಯಾಸ್ ಟಾರ್ಚ್ ಆಡಿಸುತ್ತಾ ಹೋಗಬೇಕು. ಸೋಪಿನ ಗೆರೆ ಕಪ್ಪಗಾದ ಕೂಡಲೇ ಬೆಂಕಿ ತೆಗೆಯಬೇಕು. ಅಷ್ಟೇ. ಟಾರ್ಚ್ ಒಂದೇ ಕಡೆ ನಿಲ್ಲಬಾರದು.

ಮರಳುಚೀಲದ ಮೇಲೆ ಮರದ ಕೊಡತಿಯಿಂದ ಬಡಿದು ಮೊದಲು ಒರಟಾಗಿ ಉಬ್ಬು ಕೊಡುವುದು. ಆಮೇಲೆ ಅಚ್ಚಿನ ಮೇಲೆ ಇಟ್ಟು, ತುದಿಗೆ ನೈಲಾನ್ ಇರುವ ಸಣ್ಣ ಸುತ್ತಿಗೆಯಿಂದ ಕೂರಿಸುವುದು. ಅಂಚಿನಲ್ಲಿ ತಗಡು ನೆರಿಗೆ ಕಟ್ಟಿದರೆ ಅವಸರ ಮಾಡಬಾರದು. ನೆರಿಗೆಯನ್ನು ಬದಿಯಿಂದ ಒಳಕ್ಕೆ ತಳ್ಳಿ ಲೋಹವನ್ನು ಕುಗ್ಗಿಸಬೇಕು. ಮೇಲಿನಿಂದ ಬಡಿದರೆ ಅದು ಮಡಿಚಿಕೊಳ್ಳುತ್ತದೆ, ಆಮೇಲೆ ಆ ಮಡಿಕೆ ಹೋಗುವುದೇ ಇಲ್ಲ.

ಇಡೀ ಬಾಡಿಯನ್ನು ಒಂದೇ ತಗಡಿನಲ್ಲಿ ತೆಗೆಯಲು ಆಗುವುದಿಲ್ಲ. ಅಸಲಿ ಕಾರಿನಲ್ಲೂ ಹಾಗೆ ಮಾಡಿರಲಿಲ್ಲ. ಅದರ ತಗಡಿನ ಕೆಲಸ ಮಾಡಿದ್ದು ಕೊವೆಂಟ್ರಿಯ ಆ್ಯಬಿ ಪ್ಯಾನೆಲ್ಸ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ. ನಾನು ತುಂಡುಗಳನ್ನು ಸೇರಿಸಲು ಸತು ಬೆರೆತ ಬೆಸುಗೆ ಸರಳು ಬಳಸಿದೆ. ಅದು ಸುಮಾರು 390 ಡಿಗ್ರಿಯಲ್ಲಿ ಕರಗುತ್ತದೆ, ಅಲ್ಯೂಮಿನಿಯಂ ಕರಗಲು 660 ಬೇಕು. ಹಾಗಾಗಿ ಕೈಯಾಡಿಸಲು ಜಾಗ ಇದೆ. ಬೆಸುಗೆಗೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ಚೆನ್ನಾಗಿ ಉಜ್ಜಬೇಕು. ಅಲ್ಯೂಮಿನಿಯಂ ಮೇಲೆ ಗಾಳಿ ತಾಗಿ ಕೂರುವ ಆಕ್ಸೈಡ್ ಪದರ ಹೋಗದಿದ್ದರೆ ಬೆಸುಗೆ ಹಿಡಿಯುವುದೇ ಇಲ್ಲ. ಸೇರಿಸಿದ ಮೇಲೆ ಸಣ್ಣ ಅರದಿಂದ ಅರೆದು, ಎಮರಿ ಪೇಪರ್ ಹಾಕಿದರೆ ಗೆರೆ ಮಾಯ.

ಎಂಜಿನ್

ಈ ಕಾರಿನ ನಿಜವಾದ ಕಥೆ ಇರುವುದು ಎಂಜಿನ್ನಿನಲ್ಲಿ. ಅದಕ್ಕೇ ನಾನೂ ಇಲ್ಲಿ ಜಾಸ್ತಿ ಸಮಯ ಹಾಕಿದ್ದೇನೆ.

ಜಾಗ್ವಾರ್ ಲೆ ಮಾನ್ 24 ಗಂಟೆಯ ರೇಸನ್ನು 1951, 1953, 1955, 1956, 1957ರಲ್ಲಿ ಗೆದ್ದಿತ್ತು. 1956ರ ಕೊನೆಗೇ ಕಂಪನಿ ತಾನಾಗಿ ರೇಸಿನಿಂದ ಹಿಂದೆ ಸರಿದಿತ್ತು, 1957ರಲ್ಲಿ ಗೆದ್ದದ್ದು ಖಾಸಗಿ ತಂಡ ಎಕುರಿ ಎಕಾಸ್. ಆಮೇಲೆ 1960ರಿಂದ 1965ರವರೆಗೆ ಸತತವಾಗಿ ಫೆರಾರಿ. ಜಾಗ್ವಾರ್‌ನ ಎಂಜಿನಿಯರಿಂಗ್ ಮುಖ್ಯಸ್ಥ ವಿಲಿಯಂ ಹೇನ್ಸ್‌ಗೆ ಮತ್ತೆ ಲೆ ಮಾನ್‌ಗೆ ಹೋಗುವ ಆಸೆ ಬಿಟ್ಟಿರಲಿಲ್ಲ. ಅದಕ್ಕಾಗಿ ಹುಟ್ಟಿದ್ದು ಹನ್ನೆರಡು ಸಿಲಿಂಡರಿನ ವಿ ಎಂಜಿನ್. 1964ರಲ್ಲಿ ಅದು ಮೊದಲ ಸಲ ಟೆಸ್ಟ್ ಬೆಂಚ್ ಮೇಲೆ ಓಡಿತು. 4994 ಸಿಸಿ, ಒಂದೊಂದು ಸಾಲಿಗೆ ಎರಡೆರಡು ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ), ಲೂಕಾಸ್ ಫ್ಯುಯೆಲ್ ಇಂಜೆಕ್ಷನ್, 7600 ಆರ್‌ಪಿಎಂನಲ್ಲಿ 502 ಬಿಎಚ್‌ಪಿ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 87 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 70. ಸ್ಟ್ರೋಕ್‌ನ ಈ 70ನ್ನು ಗಮನದಲ್ಲಿಡಿ.

ನನ್ನ ಎಂಜಿನ್ನಿನ ಬ್ಲಾಕ್ ರೆಸಿನ್‌ನದ್ದು. ಅದರ ಮೇಲೆ ಕೂರುವ ಎಲ್ಲವೂ ಲೋಹ. ನಾಲ್ಕು ಕ್ಯಾಮ್ ಕವರ್‌ಗಳನ್ನು ಅಲ್ಯೂಮಿನಿಯಂ ಪಟ್ಟಿಯಿಂದ ಅರೆದು ತೆಗೆದು ಪಾಲಿಶ್ ಮಾಡಿದೆ. ಗಾಳಿ ಎಳೆದುಕೊಳ್ಳುವ ತುತ್ತೂರಿಗಳು ಹನ್ನೆರಡು, ಆರಾರರ ಎರಡು ಸಾಲು. ಇವು ಒಂದರಂತೆ ಒಂದು ಇರಲೇಬೇಕು. ಹಿಂದಿನ ಗಾಜಿನ ಕೆಳಗೆ ಕಣ್ಣಿಗೆ ಮೊದಲು ಬೀಳುವುದೇ ಇವು. ಕೈಯಲ್ಲಿ ಅರೆದರೆ ಸಾಲದು, ಲೇತ್ ಬೇಕು.

ಲೇತ್ ಇರುವುದು ಬರ್ಮಿಂಗ್‌ಹ್ಯಾಂನಲ್ಲಿರುವ ಹುಬ್ಬಳ್ಳಿಯ ಗೆಳೆಯನ ಬಳಿ. ಹಿತ್ತಾಳೆ ಸರಳು ಹಿಡಿದುಕೊಂಡು ಹೋದೆ. ಡ್ರಾಯಿಂಗ್ ನೋಡಿ ಕೇಳಿದ, "ರೇಸಿಗೇ ಹೋಗಲಾರದ ಗಾಡಿಗೆ ಯಾಕ ಇಷ್ಟು ಕಷ್ಟ ಪಡಾಕತ್ತಿಯೋ ಮಾರಾಯಾ?" ನಾನು ಎಂಜಿನ್ನಿನ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಫಾರ್ಮ್ ಟೂಲ್ ಒಂದು ಮಾಡ್ಕೊಳ್ಳೂಣು. ಅದಿಲ್ಲದ ಹನ್ನೆರಡೂ ಒಂದ ನಮೂನಿ ಬರಂಗಿಲ್ಲ" ಅಂದ. ಹೈ ಸ್ಪೀಡ್ ಸ್ಟೀಲಿನ ತುಂಡನ್ನು ತುತ್ತೂರಿಯ ಬಾಯಿಯ ತಿರುವಿಗೆ ಸರಿಯಾಗಿ ಗ್ರೈಂಡ್ ಮಾಡಿಕೊಟ್ಟವನೇ ಅವನು. ಅದನ್ನು ಲೇತ್‌ಗೆ ಹಾಕಿ ನೇರವಾಗಿ ಒತ್ತಿದರೆ ಬಾಯಿಯ ಆಕಾರ ಒಂದೇ ಹೊಡೆತಕ್ಕೆ ಬರುತ್ತದೆ. ಒಳಗಿನ ತೂತು ಮೊದಲು, ಹೊರಗಿನ ತಿರುವು ಆಮೇಲೆ. ಈ ಕ್ರಮ ತಿರುವುಮುರುವಾದರೆ ತೆಳು ಅಂಚು ಹರಿಯುತ್ತದೆ.

ಅಸಲಿ ಕಾರಿನಲ್ಲಿ ಡ್ರೈವರ್‌ನ ಹಿಂದೆ ಚಾಸಿ ಅನ್ನುವುದೇ ಇಲ್ಲ. ಅಲ್ಯೂಮಿನಿಯಂ ಮೊನೊಕಾಕ್ (ಹೊರ ತಗಡೇ ಭಾರ ಹೊರುವ ಬಾಡಿ) ಡ್ರೈವರ್‌ನ ಹಿಂದಿನ ಅಡ್ಡಗೋಡೆಗೆ, ಅಂದರೆ ಬಲ್ಕ್‌ಹೆಡ್‌ಗೆ, ಬಂದು ಮುಗಿಯುತ್ತದೆ. ಅಲ್ಲಿಂದ ಮುಂದೆ ಎಂಜಿನ್ನೇ ಚಾಸಿ. ಅದಕ್ಕೆ ಝಡ್‌ಎಫ್ ಕಂಪನಿಯ ಐದು ಗೇರಿನ ಗೇರ್‌ಬಾಕ್ಸ್, ಹಿಂದಿನ ಸಸ್ಪೆನ್ಷನ್‌ನ ಭಾರವೂ ಅದರ ಮೇಲೆ. ನಾನೂ ಹಾಗೇ ಕಟ್ಟಿದ್ದೇನೆ. ರೆಸಿನ್ ಬ್ಲಾಕಿನ ಒಳಗೆ ಉದ್ದಕ್ಕೆ ಒಂದು ಸ್ಟೀಲ್ ಪಟ್ಟಿ ಇಟ್ಟು ಎರಕ ಹೊಯ್ದೆ. ಬಲ್ಕ್‌ಹೆಡ್‌ನಿಂದ 1.6 ಮಿಲಿಮೀಟರ್ ದಪ್ಪದ ಸ್ಕ್ರೂಗಳು ಆ ಪಟ್ಟಿಗೇ ಹೋಗಿ ಕೂರುತ್ತವೆ. ಹಿಂದಿನ ಚಕ್ರಗಳ ಭಾರ ಅದೇ ದಾರಿಯಲ್ಲಿ ಮುಂದಕ್ಕೆ ಬರುತ್ತದೆ. ಹೊರಗಿನಿಂದ ಇದು ಯಾರಿಗೂ ಕಾಣುವುದಿಲ್ಲ. ಆದರೆ ಈ ಕಾರಿನ ಮುಖ್ಯ ಯೋಚನೆಯೇ ಇದಾಗಿರುವಾಗ ಬೇರೆ ಥರ ಕಟ್ಟಲು ಮನಸ್ಸು ಬರಲಿಲ್ಲ.

ಕಾರು ರೆಡಿ, ರೇಸ್ ಇಲ್ಲ

ಕಾರು ಸಿದ್ಧವಾದದ್ದು 1966ರ ಮಾರ್ಚ್. ಆ ವರ್ಷದ ಜೂನ್‌ನಲ್ಲಿ ಲೆ ಮಾನ್‌ನಲ್ಲಿ ಫೋರ್ಡ್ ಏಳು ಲೀಟರಿನ ಜಿಟಿ40 ಕಾರುಗಳೊಂದಿಗೆ ಬಂದು ಮೊದಲ ಮೂರೂ ಜಾಗ ಹಿಡಿಯಿತು. ಎಕ್ಸ್‌ಜೆ13 ಅಷ್ಟು ಹೊತ್ತಿಗೆ ಸರಿಯಾದ ಟ್ರ್ಯಾಕನ್ನೇ ನೋಡಿರಲಿಲ್ಲ. ಜಾಗ್ವಾರ್‌ನ ಒಡೆಯ ಸರ್ ವಿಲಿಯಂ ಲಯನ್ಸ್ ಅದೇ ವರ್ಷ ಕಂಪನಿಯನ್ನು ಬಿಎಂಸಿ ಎಂಬ ದೊಡ್ಡ ಬ್ರಿಟಿಷ್ ಕಾರು ಕಂಪನಿಯ ಜೊತೆ ಸೇರಿಸುತ್ತಿದ್ದರು. ಎಕ್ಸ್‌ಜೆ6 ಎಂಬ ಹೊಸ ಸಲೂನ್ ಕಾರಿನ ಕೆಲಸ ಬೇರೆ ತಲೆಯ ಮೇಲಿತ್ತು. ರೇಸಿಗೆ ದುಡ್ಡು, ಜನ ಎರಡನ್ನೂ ಬಿಡಲು ಅವರು ತಯಾರಿರಲಿಲ್ಲ. ಕಾರು ಮುಸುಕು ಹೊದ್ದು ಮೂಲೆ ಸೇರಿತು.

ಕಂಪನಿಯ ಲೆಕ್ಕದಲ್ಲಿ ಲಯನ್ಸ್ ಮಾಡಿದ್ದು ಸರಿ ಇರಬಹುದು. 1968ರಲ್ಲಿ ಬಂದ ಎಕ್ಸ್‌ಜೆ6 ಎಷ್ಟು ಒಳ್ಳೆಯ ಕಾರು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಟ್ಟಿ ನಿಲ್ಲಿಸಿದ ಕಾರನ್ನು ಒಂದು ವರ್ಷ ಓಡಿಸದೆ ಇಟ್ಟದ್ದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ರೇಸಿಗೆ ಕಳಿಸದಿದ್ದರೂ ಪರವಾಗಿಲ್ಲ, ಓಡಿಸಿ ನೋಡಿದ್ದರೆ ಕಲಿಯುವುದು ಎಷ್ಟೊಂದಿತ್ತು, ಅಲ್ವಾ?

1967ರ ಮಾರ್ಚ್‌ನ ಒಂದು ಭಾನುವಾರ ಜಾಗ್ವಾರ್‌ನ ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್ ಅದನ್ನು ನನೀಟನ್ ಹತ್ತಿರದ ಮೈರಾ ಟ್ರ್ಯಾಕಿಗೆ ತೆಗೆದುಕೊಂಡು ಹೋದರು. ಮೈರಾ ಅಂದರೆ ಹಳೇ ಯುದ್ಧವಿಮಾನ ನಿಲ್ದಾಣದ ಜಾಗದಲ್ಲಿ ಮಾಡಿದ ವಾಹನ ಪರೀಕ್ಷೆಯ ತಾಣ. ಮೂರು ಮೂಲೆಗಳಲ್ಲಿ ಓರೆಯಾಗಿ ಎತ್ತರಿಸಿದ ವೇಗದ ಸುತ್ತು ಅಲ್ಲಿದೆ. ಅದೇ ವರ್ಷ ರೇಸ್ ಡ್ರೈವರ್ ಡೇವಿಡ್ ಹಾಬ್ಸ್ ಅಲ್ಲಿ ಗಂಟೆಗೆ 161.6 ಮೈಲಿ ಸರಾಸರಿಯಲ್ಲಿ ಒಂದು ಸುತ್ತು ಹಾಕಿದರು. ಕಿಲೋಮೀಟರ್ ಲೆಕ್ಕದಲ್ಲಿ 260. ಬ್ರಿಟನ್ನಿನಲ್ಲಿ ಸುತ್ತಿ ಬರುವ ಟ್ರ್ಯಾಕುಗಳಲ್ಲಿ ಅಷ್ಟು ವೇಗದ ಸುತ್ತನ್ನು ಮೂರು ದಶಕಕ್ಕೂ ಜಾಸ್ತಿ ಕಾಲ ಯಾರೂ ಮೀರಿಸಲಿಲ್ಲ.

ಅಷ್ಟರಲ್ಲಿ ನಿಯಮ ಬದಲಾಯಿತು. 1968ರಿಂದ ಪ್ರೋಟೋಟೈಪ್ ಕಾರುಗಳಿಗೆ, ಅಂದರೆ ರೇಸಿಗೆಂದೇ ಒಂದೆರಡು ಕಟ್ಟುವ ಕಾರುಗಳಿಗೆ, ಮೂರು ಲೀಟರ್ ಮಿತಿ. ಐದು ಲೀಟರ್ ಬೇಕಾದರೆ ಕನಿಷ್ಠ 50 ಕಾರು ಕಟ್ಟಬೇಕು. ಜಾಗ್ವಾರ್ ಕಟ್ಟಿದ್ದು ಒಂದು. ಅಲ್ಲಿಗೆ ಬಾಗಿಲು ಮುಚ್ಚಿತು.

1966ರಲ್ಲೇ ಇಳಿದಿದ್ದರೆ ಗೆಲ್ಲುತ್ತಿತ್ತಾ? ನನಗೆ ಹಾಗೆ ಅನ್ನಿಸುವುದಿಲ್ಲ. ಫೋರ್ಡ್ ಆ ಜಿಟಿ40ಯನ್ನು 1964, 1965 ಎರಡೂ ವರ್ಷ ಲೆ ಮಾನ್‌ಗೆ ತಂದು, ಮುರಿದುಕೊಂಡು, ಸರಿಮಾಡಿಕೊಂಡು ಗೆದ್ದದ್ದು. ಎಕ್ಸ್‌ಜೆ13ಕ್ಕೆ ಮುರಿಯುವ ಅವಕಾಶವೇ ಸಿಗಲಿಲ್ಲ. ಅದರ ಹಿಂದಿನ ಸಸ್ಪೆನ್ಷನ್‌ನಲ್ಲಿ ಇ-ಟೈಪ್‌ನ ಹಾಗೆ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟೇ ಚಕ್ರವನ್ನು ಹಿಡಿದಿಡುವ ಮೇಲಿನ ತೋಳಿನ ಕೆಲಸವನ್ನೂ ಮಾಡುತ್ತದೆ. ರಸ್ತೆ ಕಾರಿಗೆ ಅದು ಜಾಣ ಏರ್ಪಾಡು. 500 ಬಿಎಚ್‌ಪಿಯ ರೇಸ್ ಕಾರಿಗೆ ಅದೇ ಸಾಕಾಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಆ ಭಾಗವನ್ನು ಹಿತ್ತಾಳೆಯಲ್ಲಿ ಜೋಡಿಸುವಾಗಲೇ ಯೋಚನೆ ಬಂತು. ಎಷ್ಟು ಭಾರ ಎಷ್ಟು ಸಣ್ಣ ಜೋಡಣೆಗಳ ಮೇಲೆ ಕೂತಿದೆ ಅನ್ನುವುದು ಮಾದರಿಯಲ್ಲೂ ಕಾಣುತ್ತದೆ.

ಚಕ್ರ, ಕಮಾನು, ಮತ್ತು 1971ರ ಜನವರಿ

ಜಾಗ್ವಾರ್ ತನ್ನ ವಿ12 ಎಂಜಿನ್ನನ್ನು ರಸ್ತೆ ಕಾರಿಗೆ ಹಾಕಿ 1971ರಲ್ಲಿ ಹೊಸ ಇ-ಟೈಪ್ ಬಿಡುಗಡೆ ಮಾಡುವುದರಲ್ಲಿತ್ತು. ಪ್ರಚಾರದ ಫಿಲ್ಮ್‌ಗಾಗಿ ಎಕ್ಸ್‌ಜೆ13ನ್ನು ಮತ್ತೆ ಹೊರಗೆ ತೆಗೆದರು. ಜನವರಿ 20, ಮೈರಾ, ಸ್ಟಿಯರಿಂಗ್ ಹಿಂದೆ ಡ್ಯೂಯಿಸ್. ಓರೆ ಮೂಲೆಯಲ್ಲಿ ಜೋರಾಗಿ ಹೋಗುತ್ತಿದ್ದಾಗ ಹಿಂದಿನ ಬಲಗಡೆಯ ಚಕ್ರ ಕುಸಿಯಿತು. ಕಾರು ಪಲ್ಟಿ ಹೊಡೆದು ಒಳಗಿನ ಕೆಸರಿಗೆ ಬಂದು ಬಿತ್ತು. ಡ್ಯೂಯಿಸ್ ಡ್ಯಾಶ್‌ಬೋರ್ಡಿನ ಕೆಳಗೆ ಮುದುಡಿಕೊಂಡು ಉಳಿದರು. ದೊಡ್ಡ ಗಾಯವೂ ಆಗಲಿಲ್ಲ. ಕಾರು ಮಾತ್ರ ಗುರುತೇ ಸಿಗದ ಹಾಗೆ ಆಗಿತ್ತು. ಸೇಯರ್ ಇದನ್ನು ನೋಡಲಿಲ್ಲ. ಅವರು 1970ರಲ್ಲೇ ತೀರಿಕೊಂಡಿದ್ದರು.

ಜಜ್ಜಿದ ಕಾರು ಕಾರ್ಖಾನೆಯಲ್ಲೇ ಬಿದ್ದಿತ್ತು. ಆ್ಯಬಿ ಪ್ಯಾನೆಲ್ಸ್‌ನ ಎಡ್ವರ್ಡ್ ಲೋಡ್ಸ್ ಅದನ್ನು ಕಂಡು, ನಾವು ಮತ್ತೆ ಕಟ್ಟಿಕೊಡುತ್ತೇವೆ ಎಂದು ಜಾಗ್ವಾರ್‌ನ ಹಿರಿಯ ಅಧಿಕಾರಿ ಲಾಫ್ಟಿ ಇಂಗ್ಲೆಂಡ್ ಎಂಬವರಿಗೆ ಹೇಳಿದರು. ಮೊದಲ ಬಾಡಿಗೆ ಬಳಸಿದ ಅಚ್ಚುಗಳಲ್ಲಿ ಕೆಲವು ಇನ್ನೂ ಉಳಿದಿದ್ದವು. 1973ರ ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನ ಬ್ರಿಟಿಷ್ ಗ್ರ್ಯಾಂಡ್ ಪ್ರೀ ಸಮಯದಲ್ಲಿ ಕಾರು ಜನರ ಮುಂದೆ ಬಂತು. ಒಂದು ರೇಸನ್ನೂ ಓಡದ ಕಾರಿಗೆ ತಗಡಿನ ಕೆಲಸದವರು ತೋರಿಸಿದ ಈ ಪ್ರೀತಿ ನನಗೆ ದೊಡ್ಡದಾಗಿ ಕಾಣುತ್ತದೆ. ಅವರಿಲ್ಲದಿದ್ದರೆ ಗೇಡನ್‌ನಲ್ಲಿ ನೋಡಲು ಏನೂ ಇರುತ್ತಿರಲಿಲ್ಲ.

ಆದರೆ ಹೊಸ ಬಾಡಿ ಹಳೆಯದರ ತದ್ರೂಪ ಆಗಲಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಚಕ್ರದ ಕಮಾನುಗಳಲ್ಲಿ. ಈಗಿನ ಕಾರಿನ ಕಮಾನಿನ ಅಂಚು ಹೊರಕ್ಕೆ ಬಾಗಿದೆ. 1966ರ ಫೋಟೋಗಳಲ್ಲಿ ಬಾಡಿ ಅಂಚಿನವರೆಗೂ ನುಣುಪಾಗಿ ಬಂದು ಹಾಗೇ ಒಳಕ್ಕೆ ತಿರುಗುತ್ತದೆ. ಹಾಗಾಗಿ ಮ್ಯೂಸಿಯಂನಲ್ಲಿ ತೆಗೆದ ಫೋಟೋಗಳನ್ನು ಮೂತಿ, ಬಾಲ, ಡ್ರೈವರ್‌ನ ಜಾಗಕ್ಕೆ ಇಟ್ಟುಕೊಂಡೆ. ಕಮಾನುಗಳಿಗೆ ಮಾತ್ರ ಹಳೆಯ ಕಪ್ಪುಬಿಳುಪು ಫೋಟೋಗಳೇ ಆಧಾರ. ನುಣುಪು ಅಂಚು ತೆಗೆಯುವುದು ಬಾಗಿದ ಅಂಚಿಗಿಂತ ಕಷ್ಟ. ಬಾಗಿದ ಅಂಚು ತಗಡಿಗೆ ಬಿಗಿ ಕೊಡುತ್ತದೆ. ನುಣುಪು ಅಂಚು ಅದುರುತ್ತದೆ. ಅಸಲಿ ಟಿಂಕರ್‌ಗಳು ಅಂಚಿನೊಳಗೆ ತಂತಿ ಸುತ್ತಿ ಬಿಗಿ ಮಾಡುತ್ತಾರೆ. ನಾನು 0.8 ಮಿಲಿಮೀಟರ್ ಸ್ಟೀಲ್ ತಂತಿಯನ್ನು ಕಮಾನಿಗೆ ಸರಿಯಾಗಿ ಬಗ್ಗಿಸಿ, ತಗಡಿನ ಅಂಚನ್ನು ಅದರ ಮೇಲೆ ಒಳಕ್ಕೆ ಮಡಚಿದೆ. ಹೊರಗಿನಿಂದ ತಂತಿ ಕಾಣುವುದಿಲ್ಲ. ಬೆರಳಲ್ಲಿ ಒತ್ತಿದರೂ ಅಂಚು ಈಗ ಅಲುಗುವುದಿಲ್ಲ.

ಚಕ್ರಗಳು 15 ಇಂಚಿನವು, ನನ್ನ ಅಳತೆಯಲ್ಲಿ 31.75 ಮಿಲಿಮೀಟರ್. ಅವೂ ಲೇತ್‌ನ ಕೆಲಸವೇ.

ಸ್ಟ್ರೋಕ್‌ನ 70 ಅಂದೆನಲ್ಲ, ಅದು ಮುಂದೆಯೂ ಬದುಕಿತು. 1971ರ ರಸ್ತೆ ಕಾರಿನ ವಿ12ರಲ್ಲಿ ಬೋರ್ 90 ಆಯಿತು, ಸ್ಟ್ರೋಕ್ 70 ಹಾಗೇ ಉಳಿದು 5.3 ಲೀಟರ್ ಆಯಿತು. ಜಾಗ್ವಾರ್‌ನ ಎಂಜಿನಿಯರುಗಳಾದ ವಾಲ್ಟರ್ ಹಸನ್, ಹ್ಯಾರಿ ಮಂಡಿ ಇಬ್ಬರೂ ಸೇರಿ ನಾಲ್ಕು ಕ್ಯಾಮ್‌ಗಳ ಬದಲು ಸಾಲಿಗೊಂದು ಕ್ಯಾಮ್ ಸಾಕು ಅಂದರು. ರಸ್ತೆಯಲ್ಲಿ ಬೇಕಾದ ಕೆಳ ವೇಗದ ಎಳೆತ ಅದರಲ್ಲೇ ಚೆನ್ನಾಗಿತ್ತು. ಆ ಎಂಜಿನ್ನಿನ ವಂಶದ ಏಳು ಲೀಟರಿನ ವಿ12 ಹೊತ್ತ ಎಕ್ಸ್‌ಜೆಆರ್-9 ಕಾರು 1988ರಲ್ಲಿ ಲೆ ಮಾನ್ ಗೆದ್ದಿತು. 1990ರಲ್ಲಿ ಎಕ್ಸ್‌ಜೆಆರ್-12 ಮತ್ತೊಮ್ಮೆ ಗೆದ್ದಿತು. ಹೇನ್ಸ್ 1964ರಲ್ಲಿ ಬೆಂಚ್ ಮೇಲೆ ಓಡಿಸಿದ್ದು ಕೊನೆಗೂ ಆ ಟ್ರ್ಯಾಕಿಗೆ ಹೋಯಿತು ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

ಈಗ ಎಲ್ಲಿಗೆ ಬಂದಿದೆ

ಬಾಡಿ ಪೂರ್ತಿ ಸೇರಿದೆ. ಎಂಜಿನ್ ಬಲ್ಕ್‌ಹೆಡ್‌ಗೆ ಕೂತಿದೆ. ಎಕ್ಸಾಸ್ಟ್ ಪೈಪುಗಳು ಒಂದೊಂದು ಬದಿಗೆ ಆರರಂತೆ ತಾಮ್ರದ ತಂತಿಯಲ್ಲಿ ಬಗ್ಗಿಸಿ ಆಗಿವೆ. ಅವು ಒಂದನ್ನೊಂದು ತಾಗದೆ ಕೂರುವ ಹಾಗೆ ಹೊರಗಿನದ್ದನ್ನು ಮೊದಲು ಹಾಕಿ ಒಳಕ್ಕೆ ಬರುತ್ತಿದ್ದೇನೆ.

ಬಣ್ಣಕ್ಕೆ ಮೊದಲು ಗಾಜಿನ ಕೆಲಸ ಮುಗಿಯಬೇಕು. ಮುಂದಿನ ಗಾಜು, ಹಿಂದೆ ಎಂಜಿನ್ ಮೇಲಿನ ಗಾಜು ಎರಡನ್ನೂ ಪೆಟ್‌ಜಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಾಯಿಸಿ, ಮರದ ಅಚ್ಚಿನ ಮೇಲೆ ನಿರ್ವಾತದಲ್ಲಿ ಎಳೆದು ತೆಗೆಯುತ್ತೇನೆ. ಗಾಜಿನ ಅಂಚಿಗೆ ಬಾಡಿಯನ್ನು ಅರೆದು ಹೊಂದಿಸಬೇಕಾಗುತ್ತದೆ. ಬಣ್ಣ ಹಚ್ಚಿದ ಮೇಲೆ ಆ ಕೆಲಸ ಆಗುವುದಿಲ್ಲ. ಆಮೇಲೆ ಎಚ್ ಪ್ರೈಮರ್. ಬರೀ ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದಿಲ್ಲ, ಪದರ ಪದರವಾಗಿ ಎದ್ದು ಬರುತ್ತದೆ. ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುವ ಆಮ್ಲ ಈ ಪ್ರೈಮರ್‌ನಲ್ಲಿದೆ. ಅದರ ಮೇಲೆ ಕಡು ಹಸಿರನ್ನು ತೆಳುವಾಗಿ ಹೊಡೆಯಬೇಕು. ದಪ್ಪ ಬಣ್ಣ ಈ ಅಳತೆಯಲ್ಲಿ ರಿವೆಟ್‌ಗಳನ್ನು ನುಂಗಿಬಿಡುತ್ತದೆ. ಹಸಿರಿನ ಮಾದರಿ ತುಂಡುಗಳನ್ನು ಈಗಾಗಲೇ ತಗಡಿನ ಚೂರುಗಳ ಮೇಲೆ ಹೊಡೆದು ಒಣಗಲು ಇಟ್ಟಿದ್ದೇನೆ. ಮುಂದಿನ ಸಲ ಗೇಡನ್‌ಗೆ ಹೋಗುವಾಗ ಅವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಕಾರಿನ ಬಣ್ಣದ ಜೊತೆ ಹೋಲಿಸಿ ಒಂದನ್ನು ಆರಿಸುತ್ತೇನೆ.